ಕುಂಕುಮವಿಲ್ಲದ ತಿರುಪುಳಿ

ಬಹಳ ಹಿಂದೆ, ಕಬ್ಬಿಣಕ್ಕೂ ನಿದ್ದೆ ಬರುತ್ತಿದ್ದ ಕಾಲದಲ್ಲಿ, ಉಕ್ಕಾವತಿ ಎಂಬ ರಾಜ್ಯವಿತ್ತು. ಆ ರಾಜ್ಯದ ಸುತ್ತಿಗೆ, ಗರಗಸ, ಇಕ್ಕಳ, ಉಳಿಗಳು ವರ್ಷವಿಡೀ ದುಡಿದು, ಆಯುಧಪೂಜೆಯ ದಿನ ಮೈಮೇಲೆ ಕುಂಕುಮ ಬೀಳುತ್ತಲೇ ನಿದ್ದೆಹೋಗುತ್ತಿದ್ದವು. ಅಂದು ಅವನ್ನು ಯಾರಾದರೂ ಎತ್ತಿದರೆ ಬೆಂದ ಹುರುಳಿಕಾಯಿಯ ಹಾಗೆ ಬಾಗುತ್ತಿದ್ದವು. ಮರುದಿನ ಬೆಳಿಗ್ಗೆ ಮತ್ತೆ ಗಟ್ಟಿಯಾಗುತ್ತಿದ್ದವು. ಹಾಗಾಗಿ ಹಬ್ಬದ ದಿನ ಅಲ್ಲಿ ಯಾರೂ ಸಲಕರಣೆ ಮುಟ್ಟುತ್ತಿರಲಿಲ್ಲ.

ಅರಮನೆಯ ಕಮ್ಮಾರ ಮೌನಪ್ಪಾಚಾರಿ. ಹೆಸರು ನೋಡಿ ಮೋಸಹೋಗಬೇಡಿ, ಸಲಕರಣೆಯ ಮಾತು ಬಂದರೆ ಮುಂದಿಟ್ಟ ಊಟ ಆರಿ ತಣ್ಣಗಾದರೂ ಅವನ ಬಾಯಿ ನಿಲ್ಲುತ್ತಿರಲಿಲ್ಲ. ಅವನಿಗೆ ಒಬ್ಬಳೇ ಮಗಳು, ಚೆನ್ನಾಜಿ. ತಾಯಿಯಿಲ್ಲದ ಮಗು ಕುಲುಮೆಯ ಮಗ್ಗುಲಲ್ಲೇ ಬೆಳೆದು, ಇಪ್ಪತ್ತು ತುಂಬುವ ಹೊತ್ತಿಗೆ ಅಪ್ಪನ ಅರ್ಧ ಕೆಲಸ ತಾನೇ ಮಾಡುತ್ತಿದ್ದಳು. ಲೋಕದಲ್ಲಿ ಅವಳಿಗೆ ಅವನು, ಅವನಿಗೆ ಅವಳು, ಅಷ್ಟೇ.

ಆಯುಧಪೂಜೆಯ ದಿನ ಮೌನಪ್ಪ ಎಲ್ಲ ಸಲಕರಣೆಗಳನ್ನೂ ತೊಳೆದು, ಸಾಲಾಗಿ ಜೋಡಿಸಿ, ಕುಂಕುಮ ಹೂವು ಇಡುತ್ತಿದ್ದ. ಒಂದನ್ನು ಮಾತ್ರ ಬಿಡುತ್ತಿದ್ದ. ತಿರುಪುಮೊಳೆ ಬಿಗಿಯಲು, ಬಿಚ್ಚಲು ಬಳಸುವ ಒಂದು ಹಳೆಯ ತಿರುಪುಳಿ ಅದು. ಹುಣಸೆಮರದ ಹಿಡಿ, ಕೈಬೆವರು ಕುಡಿದು ಕಪ್ಪಾಗಿತ್ತು. ಅದನ್ನು ಬರಿಮೈಯಲ್ಲೇ ಕಿಟಕಿಯ ಮೇಲೆ ಇಡುತ್ತಿದ್ದ.

ಆರು ವರ್ಷದವಳಿದ್ದಾಗ ಚೆನ್ನಾಜಿ ಇದಕ್ಕಾಗಿ ಅತ್ತೂ ಬಿಟ್ಟಿದ್ದಳು. “ಪಾಪ, ಅದಕ್ಯಾಕಪ್ಪಯ್ಯ ಕುಂಕುಮ ಇಲ್ಲ?”

“ಎಲ್ಲಾರೂ ಮಲಗಿಬಿಟ್ರೆ ಹೆಂಗವ್ವಾ? ಇವತ್ತೇ ಯಾರ್ದಾದ್ರೂ ಬಾಗ್ಲು ಸಿಕ್ಕಾಕ್ಕೊಂಡ್ರೆ? ಇದೊಂದು ಎದ್ದಿರ್ಲಿ.”

“ಇದು ಅನ್ಯಾಯ,” ಎಂದು ಅವಳು ಮೂಗೊರೆಸಿಕೊಂಡಳು. ಆಮೇಲೂ ಪ್ರತಿ ವರ್ಷ ಹಾಗೆಯೇ ಅನ್ನಿಸುತ್ತಿತ್ತು.

ಒಂದು ವರ್ಷ ದಸರೆ ಹತ್ತಿರ ಬಂದಾಗ ಥಳುಕುಸಿದ್ಧ ಎಂಬ ಮಾಂತ್ರಿಕ ಬಂಡಿ ಹೊಡೆದುಕೊಂಡು ಬಂದ. ಬಂಡಿಯ ತುಂಬ ಸಲಕರಣೆ. ಬಂಗಾರದ ಬಣ್ಣದ ಸುತ್ತಿಗೆ, ಬೆಳ್ಳಿಯ ಬಣ್ಣದ ಇಕ್ಕಳ, ಹರಳು ಕೂರಿಸಿದ ಹಿಡಿಯ ತಿರುಪುಳಿಗಳು. ರಾಜನಿಗಂತೂ ಕಣ್ಣು ಕೋರೈಸಿತು. ಅರಮನೆಗೆಲ್ಲ ಇವೇ ಇರಲಿ ಎಂದುಕೊಂಡ. ಆದರೂ ಒಂದು ಮಾತು ಕೇಳೋಣವೆಂದು ಮೌನಪ್ಪಾಚಾರಿಯನ್ನು ಕರೆಸಿದ.

ಮೌನಪ್ಪ ಒಂದು ತಿರುಪುಳಿ ತೆಗೆದು ಕಲ್ಲುಕಂಬಕ್ಕೆ ತಟ್ಟಿದ. ಟಪ್ ಎಂದಿತು. “ಒಳ್ಳೆ ಉಕ್ಕು ಹಿಂಗೆ ಕೆಮ್ಮಲ್ಲ ಬುದ್ಧಿ, ಹಾಡ್ತದೆ,” ಎಂದ. ಮೂತಿಯನ್ನು ಬಂಡಿಯ ಒಂದು ತಿರುಪುಮೊಳೆಯ ತಲೆಯ ಸೀಳಿಗೆ ಸಿಕ್ಕಿಸಿ ತಿರುಗಿಸಿದ. ತಿರುಪುಮೊಳೆ ಅಲ್ಲಾಡಲಿಲ್ಲ, ತಿರುಪುಳಿಯೇ ಹೊರಳಿ ತಿರುಚಿಕೊಂಡಿತು. ಸಭೆಯಲ್ಲಿ ಮೊದಲು ಒಬ್ಬ ನಕ್ಕ, ಆಮೇಲೆ ಎಲ್ಲರೂ ನಕ್ಕರು.

ಥಳುಕುಸಿದ್ಧನ ಮುಖ ಕೆಂಪಾಯಿತು. ಅವನು ಒಂದು ಚಪ್ಪಾಳೆ ತಟ್ಟಿದ. ಊರಿನ ಸಲಕರಣೆಗಳೆಲ್ಲ ಹಕ್ಕಿಗಳ ಹಾಗೆ ಎದ್ದು ಅವನ ಕನ್ನಡಿಗುಡ್ಡದ ಮನೆಗೆ ಹಾರಿದವು. ಎರಡನೇ ಚಪ್ಪಾಳೆಗೆ ಅಂಗಳದಲ್ಲಿ ಒಂದು ಹಿತ್ತಾಳೆ ಗೂಳಿ ನಿಂತಿತು. ಮೂರನೆಯದಕ್ಕೆ ಮೌನಪ್ಪ ಅದರ ಹೊಟ್ಟೆಯೊಳಗಿದ್ದ. ಮಾಂತ್ರಿಕ ಹೊಟ್ಟೆಗೆ ಮುಚ್ಚಳ ಹಾಕಿ, ಕೈಯಾರೆ ಮೂರು ತಿರುಪುಮೊಳೆ ಬಿಗಿದ. ಸಿಟ್ಟಿನಲ್ಲಿ ಬಿಗಿದ, ನೆನಪಿರಲಿ.

“ಅಪ್ಪಯ್ಯಾ!” ಎಂದು ಚೆನ್ನಾಜಿ ಓಡಿಬಂದಳು. ಒಳಗಿಂದ ಮೌನಪ್ಪ ಏನೋ ಕೂಗಿದ. ಅದು ಗೂಳಿಯ ಬಾಯಿಂದ “ಅಂಬೋ” ಎಂದು ಬಂತು.

“ಕೇಳು ಹುಡುಗಿ,” ಎಂದ ಥಳುಕುಸಿದ್ಧ. “ದಿನಕ್ಕೊಂದು ತಿರುಪುಮೊಳೆ, ಮೂರು ದಿನ. ನನ್ನ ಮನೆಯಲ್ಲಿರೋ ಯಾವ ತಿರುಪುಳಿ ಬೇಕಾದ್ರೂ ಆರಿಸ್ಕೋ. ಆದರೆ ತಿರುಗಿಸೋದು ಒಂದೇ ಸಲ. ಜಾರಿತೋ, ಮುಗೀತು. ಆಯುಧಪೂಜೆ ದಿನ ಹೊತ್ತು ಮುಳುಗಿದ್ರೆ ಮುಚ್ಚಳ, ಹೊಟ್ಟೆ ಎರಡೂ ಒಂದೇ ಲೋಹ. ಆಮೇಲೆ ನಿಮ್ಮಪ್ಪ ಗೂಳಿನೇ.”

“ಯಾವುದು ಬೇಕಾದ್ರೂ?”

“ಯಾವುದು ಬೇಕಾದರೂ, ಯಾವುದು ಬೇಕಾದರೂ, ಯಾವುದು ಬೇಕಾದರೂ!” ಎಂದು ಅವನು ಮೂರು ಸಲ ಹೇಳಿ ನಕ್ಕ. ಆ ಕಾಲದಲ್ಲಿ ಮೂರು ಸಲ ಆಡಿದ ಮಾತನ್ನು ಮಾಂತ್ರಿಕರೂ ಮುರಿಯುವಂತಿರಲಿಲ್ಲ. ಅವನು ಗೂಳಿಯನ್ನು ನಡೆಸಿಕೊಂಡು ಹೊರಟ.

ರಾಜ ತಲೆತಗ್ಗಿಸಿ, “ಸೈನ್ಯ ಕಳಿಸಲೇನಮ್ಮಾ?” ಎಂದ.

“ತಿರುಪು ಬಿಚ್ಚೋಕೆ ಸೈನ್ಯ ಯಾಕೆ ಬುದ್ಧಿ,” ಎಂದು ಚೆನ್ನಾಜಿ ಸೆರಗು ಸಿಕ್ಕಿಸಿಕೊಂಡು ಗುಡ್ಡ ಹತ್ತಿದಳು.

ಮೊದಲ ದಿನ. ಕನ್ನಡಿಗುಡ್ಡದ ಮನೆಯ ದೊಡ್ಡ ಹಜಾರದಲ್ಲಿ ಸಾವಿರಾರು ತಿರುಪುಳಿಗಳು ತೂಗಾಡುತ್ತಿದ್ದವು. ಊರಿನಿಂದ ಹಾರಿ ಬಂದ ಒಳ್ಳೆಯವು, ಮಾಂತ್ರಿಕನ ಹೊಳೆಯುವ ಸುಳ್ಳುಗಳು, ಎಲ್ಲವೂ ಕಲೆತುಹೋಗಿದ್ದವು. ಹಿತ್ತಾಳೆ ಗರಿಯ ನವಿಲೊಂದು ಅವಕ್ಕೆ ಕಾವಲಿತ್ತು. ಅದು ಗರಿ ಬಿಚ್ಚಿದಾಗಲೆಲ್ಲ ತುಕ್ಕು ಹಿಡಿದವೂ ಫಳಫಳ ಹೊಳೆದು ಕಣ್ಣಿಗೆ ಕತ್ತಲೆ ಬರುತ್ತಿತ್ತು. ಮಾಂತ್ರಿಕ ಮೂಲೆಯಲ್ಲಿ ಕೂತು, ಡಬ್ಬಿಯ ಮುಚ್ಚಳ ಎಬ್ಬಿಸಿ, ಚಕ್ಕುಲಿ ತಿನ್ನುತ್ತಿದ್ದ.

“ಹೊಳೆಯೋದನ್ನ ತಗೋ, ಹೊಳೆಯೋದನ್ನ ತಗೋ,” ಎಂದಿತು ನವಿಲು.

ಚೆನ್ನಾಜಿ ಕಣ್ಣು ಮುಚ್ಚಿಕೊಂಡಳು. ಅಪ್ಪಯ್ಯ ಸಂತೆಯಲ್ಲಿ ಮಾಡುತ್ತಿದ್ದುದೂ ಅದನ್ನೇ. ಅಂಗಡಿಯವರು ಬೈದರೂ ಬಿಡದೆ, ಅಂಗೈಗೆ ಎಣ್ಣೆ ಸವರಿಕೊಂಡು, ಕಣ್ಣು ಮುಚ್ಚಿ ಹಿಡಿಗಳನ್ನು ಹಿಂಡಿ ನೋಡುತ್ತಿದ್ದ. ದೀಪದ ಎಣ್ಣೆಯನ್ನು ಕೈಗೆ ಸವರಿಕೊಂಡು ಅವಳೂ ಒಂದೊಂದೇ ಹಿಡಿದಳು. ಹರಳಿನವು ಚುಚ್ಚಿದವು, ನುಣುಪಿನವು ಜಾರಿದವು. ಜಾರದವನ್ನು ಕಂಬಕ್ಕೆ ತಟ್ಟಿ ಕಿವಿಗೊಟ್ಟಳು. ಕೆಮ್ಮಿದವನ್ನು ಬಿಟ್ಟಳು, ಹಾಡಿದವನ್ನು ಮಡಿಲಿಗೆ ಹಾಕಿಕೊಂಡಳು. ಹಜಾರದ ಮುಂದೆ ನಿಂತಿದ್ದ ಗೂಳಿಯ ಹತ್ತಿರ ಹೋಗಿ ಅವನ್ನು ಮೊದಲ ತಿರುಪುಮೊಳೆಯ ಸೀಳಿನಲ್ಲಿ ನಿಲ್ಲಿಸಿ ಕೈಬಿಟ್ಟಳು. ಒಂದು ಬಿತ್ತು. ಇನ್ನೊಂದೂ ಬಿತ್ತು. ಮೂರನೆಯದು ಸೀಳಿನ ತುಂಬ ಕೂತು, ಯಾರೂ ಹಿಡಿಯದೆ ತಾನೇ ನಿಂತಿತು. ಒತ್ತಿ ತಿರುಗಿಸಿದಳು. ಬಿಚ್ಚಿತು.

“ಅಂಬೋ!” ಎಂದ ಮೌನಪ್ಪ ಒಳಗಿಂದ. ಅದರಲ್ಲಿ ಖುಷಿಯಿತ್ತು ಎನ್ನುವುದು ಮಗಳಿಗೆ ಗೊತ್ತಾಯಿತು.

ಎರಡನೆಯ ದಿನ. ಹಜಾರ ಖಾಲಿ. ನಡುವೆ ಒಂದು ದೊಡ್ಡ ಮುಳ್ಳುಹಂದಿ ಮುದುರಿಕೊಂಡಿತ್ತು. ಅದರ ಒಂದೊಂದು ಮುಳ್ಳೂ ಒಂದೊಂದು ತಿರುಪುಳಿ. ಮೂಲೆಯಲ್ಲಿ ಮತ್ತೆ ಡಬ್ಬಿಯ ಮುಚ್ಚಳ ಟಪ್ ಎಂದಿತು.

“ಒಂದನ್ನೇ ಕೀಳಬೇಕು,” ಎಂದಿತು ಮುಳ್ಳುಹಂದಿ. “ತಪ್ಪಾದ್ದನ್ನ ಕಿತ್ತರೆ ಉಳಿದವೆಲ್ಲ ನಿನ್ನ ಮೈಗೆ. ನಾನೇನು ಮಾಡ್ಲಮ್ಮ, ನನಗೆ ಹಾಗೆ ಅಪ್ಪಣೆ ಆಗಿದೆ. ಇವುಗಳ ಭಾರಕ್ಕೆ ಬೆನ್ನು ಬೇರೆ ನೋಯ್ತದೆ.”

ಎರಡನೆಯ ತಿರುಪುಮೊಳೆಯ ತಲೆಯಲ್ಲಿ ಕೂಡುವ ಲೆಕ್ಕದ ಗುರುತಿನಂಥ ಗುಳಿ. ಅಂಥ ಗುಳಿಗೆ ಚಿಕ್ಕ ಮೂತಿ ಹಾಕಿದರೆ ಒಳಗೇ ಕುಣಿದು ಗುಳಿಯನ್ನು ಕೆರೆದು ಹಾಕುತ್ತದೆ. ಮೆತ್ತನೆಯ ಮೂತಿಯಾದರೆ ತಾನೇ ಸವೆದುಹೋಗುತ್ತದೆ. ತಟ್ಟಿ ನೋಡುವಂತಿಲ್ಲ, ಹಿಡಿದು ನೋಡುವಂತಿಲ್ಲ. ಚೆನ್ನಾಜಿ ಅದರ ಸುತ್ತ ಒಂದು ಸುತ್ತು ಬಂದಳು.

“ಮೈ ತುರಿಸ್ತದಾ?” ಎಂದು ಕೇಳಿದಳು.

“ಅಯ್ಯೋ, ಕೇಳಬೇಡ!”

“ಹಾಗಾದ್ರೆ ಆ ಗೋಡೆಗೆ ಚೆನ್ನಾಗಿ ಉಜ್ಜಿಕೋ. ಅದಕ್ಕೇನು ಅಪ್ಪಣೆ ಬೇಡವಲ್ಲ.”

ಮುಳ್ಳುಹಂದಿ ಗೋಡೆಗೆ ಬೆನ್ನು ಕೊಟ್ಟು, ಕಣ್ಣು ಅರೆಮುಚ್ಚಿ, ಸುಖವಾಗಿ ಉಜ್ಜಿಕೊಂಡಿತು. ಮುಳ್ಳುಗಳೆಲ್ಲ ಬಗ್ಗಿದವು. ಸುಳ್ಳು ಉಕ್ಕಿನವು ಬಗ್ಗಿದ ಹಾಗೆಯೇ ಉಳಿದವು. ಹದ ಹಾಕಿದ ಉಕ್ಕಿನವು ಮೂರೇ ಮೂರು, ಅವು ಟಣ್ಣನೆ ಮತ್ತೆ ನೆಟ್ಟಗಾದವು. ಮೂರರಲ್ಲಿ ಗುಳಿಗೆ ತಕ್ಕಷ್ಟು ದಪ್ಪ ಮೂತಿಯದು ಒಂದೇ. ಚೆನ್ನಾಜಿ ಅದನ್ನು ಕಿತ್ತಳು. ಯಾವ ಮುಳ್ಳೂ ಹಾರಲಿಲ್ಲ. ಎರಡನೆಯ ತಿರುಪುಮೊಳೆಯೂ ಬಿಚ್ಚಿತು. ಆದರೆ ಈ ಸಲ ಒಳಗಿಂದ ಬಂದ “ಅಂಬೋ” ಸಣ್ಣಗಿತ್ತು. ಗೂಳಿಯ ಹೊಟ್ಟೆ ಅವನನ್ನು ನಿಧಾನವಾಗಿ ಅರಗಿಸಿಕೊಳ್ಳುತ್ತಿತ್ತು. ಚೆನ್ನಾಜಿ ಹಿತ್ತಾಳೆಗೆ ಕೆನ್ನೆಯಿಟ್ಟು, “ಇನ್ನೊಂದೇ ಅಪ್ಪಯ್ಯ, ಇನ್ನೊಂದೇ ದಿನ,” ಎಂದಳು.

ಮೂರನೆಯ ದಿನ ಆಯುಧಪೂಜೆ. ಹಜಾರದ ತುಂಬ ಮತ್ತೆ ಸಲಕರಣೆಗಳು ತೂಗಾಡುತ್ತಿದ್ದವು. ಕಾವಲಿಗೆ ಒಂದು ಪ್ರಾಣಿಯೂ ಇರಲಿಲ್ಲ. ಯಾಕೆಂದು ಮರುಕ್ಷಣವೇ ತಿಳಿಯಿತು. ಬೆಳಿಗ್ಗೆಯೇ ಎದ್ದು ಥಳುಕುಸಿದ್ಧ ಒಂದೊಂದಕ್ಕೂ ಕುಂಕುಮ ಇಟ್ಟಿದ್ದ. ದೇವರ ಮೇಲೆ ಎಂದೂ ಇಲ್ಲದ ಭಕ್ತಿ ಅಂದು ಉಕ್ಕಿ ಹರಿದಿತ್ತು.

“ಆರಿಸ್ಕೋ ತಾಯೀ, ಯಾವುದು ಬೇಕಾದರೂ,” ಎಂದು ಚಕ್ಕುಲಿ ಕಡಿದ.

ಚೆನ್ನಾಜಿ ಒಂದನ್ನು ಎತ್ತಿದಳು. ಅದು ಅವಳ ಕೈಯಲ್ಲಿ ಜೋತುಬಿದ್ದು ಗೊರಕೆ ಹೊಡೆಯಿತು. ಇನ್ನೊಂದೂ ಹಾಗೆಯೇ. ಅಪ್ಪನ ಒಳ್ಳೊಳ್ಳೆಯ ತಿರುಪುಳಿಗಳೂ ಮೆತ್ತಗೆ ಮಲಗಿದ್ದವು. ಓಡಿಹೋಗಿ ಮೂರನೆಯ ತಿರುಪುಮೊಳೆ ನೋಡಿದಳು. ಅದರ ಸೀಳಿನ ಒಂದು ಪಕ್ಕ ಕಿತ್ತುಹೋಗಿತ್ತು.

“ಸ್ವಾಮಿ, ಇದನ್ನ ಯಾವುದರಲ್ಲಿ ಬಿಗಿದ್ರಿ?”

“ನನ್ನದರಲ್ಲೇ,” ಎಂದು ಮಾಂತ್ರಿಕ ಬೇರೆ ಕಡೆ ನೋಡಿದ.

“ಜಾರಿದೆ.”

“ಸ್ವಲ್ಪ ಜಾರಿತು. ಆಗಿದ್ದು ಒಳ್ಳೇದೇ ಆಯ್ತು. ಈಗ ನನಗೂ ಬಿಚ್ಚೋಕಾಗಲ್ಲ.”

ಹೊತ್ತು ಇಳಿಯುತ್ತಿತ್ತು. ಗೂಳಿಯೊಳಗೆ ಸದ್ದಿಲ್ಲ. ಚೆನ್ನಾಜಿ ಹಜಾರದ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತಳು. ಅಳುತ್ತಾ ಮನೆಯ ಕಿಟಕಿ ನೆನಪಾಯಿತು. ಇದೊಂದು ಎದ್ದಿರ್ಲಿ ಎಂದ ಅಪ್ಪಯ್ಯನ ದನಿ ನೆನಪಾಯಿತು. ಊರಿನ ಸಲಕರಣೆಗಳೆಲ್ಲ ಹಾರಿ ಬಂದಿದ್ದರೆ ಅದೂ ಇಲ್ಲೇ ಇರಬೇಕು! ಎದ್ದು ಹಜಾರವೆಲ್ಲ ಹುಡುಕಿದಳು. ತೂಗಾಡುವುದರಲ್ಲಿ ಇಲ್ಲ, ನೆಲದ ಮೇಲಿಲ್ಲ.

ಆಗ ಮೂಲೆಯಲ್ಲಿ ಟಪ್ ಎಂದಿತು. ಮಾಂತ್ರಿಕ ಹೊಸ ಡಬ್ಬಿಯ ಮುಚ್ಚಳ ಎಬ್ಬಿಸುತ್ತಿದ್ದ. ಅವನ ಕೈಯಲ್ಲಿ ಹುಣಸೆ ಹಿಡಿಯ ಕಪ್ಪು ತಿರುಪುಳಿ.

ಅದಕ್ಕೆ ಕುಂಕುಮ ಇರಲಿಲ್ಲ. ಇಡಲು ಅವನಿಗೆ ತೋಚಿಯೇ ಇರಲಿಲ್ಲ. ಹೊಳೆಯದ್ದನ್ನು ಅವನು ಸಲಕರಣೆ ಎಂದು ಲೆಕ್ಕಕ್ಕೇ ಹಿಡಿದಿರಲಿಲ್ಲ.

“ಅದನ್ನ ಕೊಡಿ,” ಎಂದಳು ಚೆನ್ನಾಜಿ.

“ಇದಾ? ಇದು ಡಬ್ಬಿ ತೆಗೆಯೋದು.”

“ಮನೇಲಿರೋ ಯಾವುದು ಬೇಕಾದ್ರೂ ಅಂದ್ರಿ. ಮೂರು ಸಲ ಅಂದ್ರಿ.”

ಮಾಂತ್ರಿಕನ ಕೈ ಅವನ ಮಾತು ಕೇಳಲಿಲ್ಲ, ತಾನೇ ಮುಂದೆ ಚಾಚಿ ತಿರುಪುಳಿ ಕೊಟ್ಟಿತು. ಡಬ್ಬಿ ಎಬ್ಬಿಸಿ ಎಬ್ಬಿಸಿ ಅದರ ಮೂತಿಯ ಒಂದು ಮೂಲೆ ಮುಕ್ಕಾಗಿತ್ತು, ಆದರೆ ಬಾಗಿರಲಿಲ್ಲ. ಚೆನ್ನಾಜಿ ಕಲ್ಲಿನ ಮೆಟ್ಟಿಲ ಮೇಲೆ ನೀರು ಚಿಮುಕಿಸಿ ಮೂತಿಯನ್ನು ತೇಯತೊಡಗಿದಳು. ಹೊರಗೆ ಮಾತ್ರ ಬಣ್ಣ ಬಳಿದದ್ದಾದರೆ ತೇಯುವಾಗಲೇ ಮುಗಿದುಹೋಗುತ್ತಿತ್ತು. ಇದು ತೇದಷ್ಟೂ ಒಳಗೂ ಅದೇ ಉಕ್ಕು. ತೇದಳು, ಸೀಳಿನಲ್ಲಿಟ್ಟು ಕೈಬಿಟ್ಟು ನೋಡಿದಳು, ಬಿತ್ತು. ಮತ್ತೆ ತೇದಳು, ಮತ್ತೆ ಬಿತ್ತು. ಸೂರ್ಯ ಗುಡ್ಡದ ಅಂಚು ಮುಟ್ಟಿದ. ಮೂರನೆಯ ಸಲ ತೇದು ಇಟ್ಟಳು. ಸೀಳಿನಲ್ಲಿ ಉಳಿದಿದ್ದ ಒಂದೇ ಪಕ್ಕಕ್ಕೆ ಒರಗಿಕೊಂಡು ಹಳೆಯ ತಿರುಪುಳಿ ನೆಟ್ಟಗೆ ನಿಂತಿತು.

ಮುಕ್ಕಾಲು ಒತ್ತು, ಕಾಲು ತಿರುಗಿಸು ಎಂದು ಅಪ್ಪಯ್ಯ ಹೇಳಿಕೊಟ್ಟಿದ್ದ. ಅವಳು ಮೈಭಾರವನ್ನೆಲ್ಲ ಹಾಕಿ ಒತ್ತಿದಳು. ನಿಧಾನವಾಗಿ ತಿರುಗಿಸಿದಳು.

ಕಿರ್ರೆಂದಿತು. ತಿರುಪುಮೊಳೆ ತಿರುಗಿ ತಿರುಗಿ ಮೇಲೆ ಬಂದು ನೆಲಕ್ಕೆ ಬಿತ್ತು.

ಮುಚ್ಚಳ ತೆರೆಯಿತು. ಬೆವರಿನಲ್ಲಿ ತೊಯ್ದ ಮೌನಪ್ಪಾಚಾರಿ ತೆವಳಿಕೊಂಡು ಹೊರಬಂದು, ಬಾಯಿ ತೆರೆದು, “ಅಂಬೋ,” ಎಂದ. ಅವನು ಗಂಟಲು ಸರಿಮಾಡಿಕೊಂಡು ಮತ್ತೆ ಬಾಯಿ ತೆರೆದ.

“ಯಾವುದರಲ್ಲಿ ಬಿಚ್ಚಿದ್ಯವ್ವಾ?”

ಅವಳು ಅವನನ್ನು ತಬ್ಬಿಕೊಂಡು ಜೋರಾಗಿ ಅತ್ತಳು, ಅಳುವಿನ ನಡುವೆಯೇ ನಕ್ಕಳು. ಮೂರು ದಿನದಿಂದ ಎದೆಯಲ್ಲಿ ಬಿಗಿದಿದ್ದದ್ದೆಲ್ಲ ಸಡಿಲವಾಯಿತು. ಅಪ್ಪಯ್ಯನ ಮೈ ಬೆಚ್ಚಗಿತ್ತು, ಕೈಯಲ್ಲಿ ಕುಲುಮೆಯ ವಾಸನೆ ಇತ್ತು. ಅಷ್ಟು ಸಾಕಾಗಿತ್ತು ಅವಳಿಗೆ.

ಕನ್ನಡಿಗುಡ್ಡದ ಮನೆಯ ಹೊಳಪು ಹಪ್ಪಳದ ಹಾಗೆ ಎದ್ದು ಉದುರಿತು. ಸುಳ್ಳು ಸಲಕರಣೆಗಳು ಮುದುರಿ ಚೂರಾದವು, ಮಲಗಿದ್ದ ನಿಜವಾದವು ಮಾತ್ರ ಉಳಿದವು. ನವಿಲಿಗೆ ಮೆತ್ತನೆಯ ಗರಿ ಬಂತು. ಮುಳ್ಳುಹಂದಿಗೆ ತನ್ನದೇ ಹಗುರ ಮುಳ್ಳು ಬಂದು ಅದು ನೆಲದಲ್ಲಿ ಹೊರಳಾಡಿತು. ಥಳುಕುಸಿದ್ಧನ ಮೈಬಣ್ಣವೂ ಸುಲಿದುಹೋಯಿತು. ಮೀಸೆಗೆ ಚಕ್ಕುಲಿ ಪುಡಿ ಮೆತ್ತಿದ ಒಬ್ಬ ಬಡಕಲು ಮನುಷ್ಯ ಪಿಳಿಪಿಳಿ ಕಣ್ಣು ಬಿಡುತ್ತ ಕೂತಿದ್ದ. ಮಂತ್ರ ಒಂದೂ ನೆನಪಿರಲಿಲ್ಲ. ರಾಜ ಅವನನ್ನು ಮೌನಪ್ಪನ ಕುಲುಮೆಗೇ ಕೆಲಸಕ್ಕಿಟ್ಟ. ತಿರುಪುಮೊಳೆಗಳನ್ನು ಅಳತೆಯಂತೆ ಬೇರೆಬೇರೆ ಡಬ್ಬಿಗೆ ಹಾಕುವುದು ಅವನ ಪಾಲಿಗೆ ಬಂತು. ಮೊದಲು ಗೊಣಗಿದ, ಆಮೇಲೆ ಅದರಲ್ಲೇ ಸುಖ ಕಂಡ.

ಮುಂದಿನ ವರ್ಷ ಆಯುಧಪೂಜೆ ಬಂತು. ಎಲ್ಲ ಸಲಕರಣೆಗಳನ್ನು ತೊಳೆದು ಜೋಡಿಸಿದ ಮೇಲೆ ಮೌನಪ್ಪ ಕುಂಕುಮದ ಬಟ್ಟಲನ್ನು ಮಗಳ ಕೈಗೆ ಕೊಟ್ಟ. ಕೊನೆಗೆ ಉಳಿದದ್ದು ಹುಣಸೆ ಹಿಡಿಯ ತಿರುಪುಳಿ.

“ಈ ವರ್ಷವಾದ್ರೂ ಇದಕ್ಕೆ ಇಡಬೇಕು ಅನ್ನಿಸ್ತದಾ?” ಎಂದು ಕೇಳಿದ.

ಚೆನ್ನಾಜಿ ಬಟ್ಟಲನ್ನು ಕೆಳಗಿಟ್ಟಳು. ತಿರುಪುಳಿಯನ್ನು ಸೆರಗಿನಿಂದ ಒರೆಸಿ, ಕಣ್ಣಿಗೊತ್ತಿಕೊಂಡು, ಬರಿಮೈಯಲ್ಲೇ ಕಿಟಕಿಯ ಮೇಲಿಟ್ಟಳು. “ಬೇಡ ಅಪ್ಪಯ್ಯ. ಇದು ಎದ್ದಿರ್ಲಿ.”

ಅಷ್ಟರಲ್ಲಿ ಹಬ್ಬದ ಚಕ್ಕುಲಿ ಡಬ್ಬಿ ಹಿಡಿದುಕೊಂಡು ಹಳೆಯ ಮಾಂತ್ರಿಕ ಬಂದ. ಮುಚ್ಚಳ ಬಿಗಿಯಾಗಿತ್ತು. ಅವನ ಕೈ ಅಭ್ಯಾಸಬಲದಿಂದ ಕಿಟಕಿಯ ಕಡೆ ಹೋಯಿತು. ಅಪ್ಪ ಮಗಳು ಇಬ್ಬರೂ ಅವನನ್ನೇ ನೋಡಿದರು. ಅವನು ಕೈ ಹಿಂತೆಗೆದುಕೊಂಡು, ಅಡುಗೆಮನೆಗೆ ಹೋಗಿ, ಚಮಚ ತಂದ.

ಮೂವರೂ ಚಕ್ಕುಲಿ ತಿಂದರು. ಆ ಮೇಲೆ ಉಕ್ಕಾವತಿಯಲ್ಲಿ ಯಾವ ಬಾಗಿಲೂ ಸಿಕ್ಕಿಹಾಕಿಕೊಳ್ಳಲಿಲ್ಲವಂತೆ, ಸಿಕ್ಕಿಹಾಕಿಕೊಂಡರೂ ಸಂಜೆಯೊಳಗೆ ತೆರೆಯುತ್ತಿತ್ತಂತೆ. ಅವರು ನೆಮ್ಮದಿಯಾಗಿದ್ದರು, ನಿಮ್ಮ ಮನೆಯ ಬಾಗಿಲೂ ಸಲೀಸಾಗಿ ತೆರೆಯಲಿ.