ಕಾಗೆಕಲ್ಲು ದ್ವೀಪದ ಕರಿಮಣಿ

ಅದು 2014ರ ಡಿಸೆಂಬರ್. ಗೋಮತಿ ಟೀಚರಿಗೆ ಪತ್ತೇದಾರಿಕೆ ಸಾಕಾಗಿತ್ತು, ನನಗೆ ಅವರನ್ನು ರಿಕ್ಷಾದಲ್ಲಿ ಸುತ್ತಿಸಿ ಸಾಕಾಗಿತ್ತು. ಕೋಟದ ಶಾಲೆಯಲ್ಲಿ ನನಗೆ ವಿಜ್ಞಾನ ಕಲಿಸಿದವರು ಅವರು. ನಿವೃತ್ತರಾದ ಮೇಲೆ ಸುತ್ತಲಿನ ಕಳವು, ಸುಳ್ಳುಗಳೆಲ್ಲ ಅವರ ಜಗಲಿಗೇ ಬಂದು ಬೀಳುತ್ತಿದ್ದವು. ಆ ಬೆಳಿಗ್ಗೆ ಬಂದವನು ಗಂಗೊಳ್ಳಿಯ ಶೀನ.

"ಟೀಚರೇ, ನಾ ಕದ್ದದ್ದಲ್ಲ," ಎಂದವನೇ ಮೆಟ್ಟಿಲ ಮೇಲೆ ಕುಳಿತುಬಿಟ್ಟ.

ಐವತ್ತು ದಾಟಿದ ಶೀನ, ಬೈಂದೂರಿನಾಚೆಯ ಕಾಗೆಕಲ್ಲು ದ್ವೀಪಕ್ಕೆ ಅನೂಪನ ದೋಣಿ ನಡೆಸುತ್ತಿದ್ದ. ಅಲ್ಲಿ ಮೂರು ದಿನ ಡೇರೆಯಲ್ಲಿದ್ದು, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಮುಳುಗಿ ಮೀನು ನೋಡುವ ರಜೆ; ಅದು ಅನೂಪನ ವ್ಯಾಪಾರ. ಮೀನನ್ನು ಮೇಲೆ ತರಲು ನಮ್ಮವರು ತಲೆಮಾರುಗಟ್ಟಲೆ ಒದ್ದಾಡಿದರೆ, ಈಗ ಅದನ್ನು ನೋಡಲು ಜನ ದುಡ್ಡು ಕೊಟ್ಟು ಕೆಳಗಿಳಿಯುತ್ತಾರೆ!

ಹೊಸದಾಗಿ ಮದುವೆಯಾಗಿ ಗಂಡನ ಜೊತೆ ಅಲ್ಲಿಗೆ ಬಂದಿದ್ದ ಧನ್ಯಶ್ರೀ ಹಿಂದಿನ ದಿನ ದೋಣಿಯಲ್ಲೇ ಕರಿಮಣಿ ಬಿಚ್ಚಿ ಚೀಲದಲ್ಲಿಟ್ಟು ನೀರಿಗಿಳಿದಳಂತೆ. ಮೇಲೆ ಬಂದಾಗ ಅದು ಇರಲಿಲ್ಲ. ಉಳಿದವರೆಲ್ಲ ನೀರೊಳಗಿದ್ದಾಗ ದೋಣಿಯಲ್ಲಿದ್ದವನು ಶೀನ ಒಬ್ಬನೇ. ಇವತ್ತು ಸಂಜೆಯೊಳಗೆ ಕರಿಮಣಿ ಸಿಗದಿದ್ದರೆ ಪೊಲೀಸರಿಗೆ ಹೇಳುವುದಾಗಿ ಅನೂಪ ಗಡುವು ಕೊಟ್ಟಿದ್ದ.

"ಕಳ್ಳ ಅಂಬ ಹೆಸ್ರ್ ಬಂದ್ರೆ ಗಂಗೊಳ್ಳಿಯಗೆ ಯಾರೂ ದೋಣಿಗ್ ನನ್ನ ಹತ್ಸುದಿಲ್ಲೆ ಟೀಚರೇ."

ಟೀಚರ್ ನಿಟ್ಟುಸಿರು ಬಿಟ್ಟು ಎದ್ದರು. "ಸೋಮ, ರಿಕ್ಷಾ ತೆಗಿ ಮಾರಾಯ. ಇದೊಂದ್ ಆಯ್ಲಿ."

ಗಂಗೊಳ್ಳಿಯಿಂದ ದೋಣಿಯಲ್ಲಿ ಹೋಗುವಷ್ಟರಲ್ಲಿ ನಾನು ಎರಡು ಸಲ ವಾಂತಿ ಮಾಡಿದ್ದೆ. ಟೀಚರ್ ದ್ವೀಪಕ್ಕೆ ಇಳಿದವರೇ ಅನೂಪನ ಕ್ಯಾಮೆರಾದಲ್ಲಿದ್ದ ಫೋಟೋಗಳನ್ನು ನೋಡಿದರು. ಮೊದಲ ದಿನ ಬೆಳಿಗ್ಗೆ ಧನ್ಯಶ್ರೀಯ ಕೊರಳಲ್ಲಿ ಕರಿಮಣಿ ಹೊಳೆಯುತ್ತಿತ್ತು. ಎರಡನೆಯ ದಿನ ದೋಣಿ ಹತ್ತುವಾಗ, ಆ ಬಿಸಿಲಲ್ಲೂ ಅವಳು ಕುತ್ತಿಗೆಗೆ ಶಾಲು ಸುತ್ತಿಕೊಂಡಿದ್ದಳು. ಆಮೇಲೆ ಟೀಚರ್ ಹಗ್ಗದ ಮೇಲೆ ಒಣಗುತ್ತಿದ್ದ ಅವಳ ಬಿಳಿ ಅಂಗಿಯ ಕಾಲರ್ ತಿರುವಿದರು. ಒಳಗಡೆ ಸುತ್ತಲೂ ಹಳದಿ ಕಲೆಯಿತ್ತು. ಮುಳುಗುವಾಗ ಅವಳು ಒಳಗೆ ಹಾಕಿಕೊಂಡಿದ್ದ ಅಂಗಿ ಅದು.

"ಮೀನಿನ ಸಾರ್ ಚೆಲ್ಲಿರ್ಕ್," ಎಂದೆ.

"ಸಾರ್ ಎದಿ ಮೇಲೆ ಚೆಲ್ತ್. ಕುತ್ಗಿ ಸುತ್ತ ಅಲ್ಲ," ಎಂದು ಟೀಚರ್ ಅಡುಗೆಯ ಕಮಲಕ್ಕನ ಹತ್ತಿರ ಹೋಗಿ ಏನೋ ಕೇಳಿ ಬಂದರು.

ಮಧ್ಯಾಹ್ನ ಊಟದ ಚಪ್ಪರದಡಿ ಎಲ್ಲರನ್ನೂ ಕೂರಿಸಿದರು. ಧನ್ಯಶ್ರೀ, ಅವಳ ಗಂಡ ಯತೀಶ, ಅನೂಪ, ದೂರದಲ್ಲಿ ಶೀನ.

"ಕರಿಮಣಿ ಇಲ್ಲದೆ ಕೊರಳು ಬರಿದಾಗಿರಬಾರದು ಅಂತ ನಮ್ಮ ಹೆಂಗಸರು ಎಂತ ಕಟ್ಕಂತ್ರ್? ಅರಿಶಿನದ ಕೊಂಬು. ಅದು ನೀರಲ್ಲಿ ನೆನೆದು ಅಂಗಿಗೆ ಬಣ್ಣ ಬಿಟ್ಟಿತ್. ಆದ್ರೆ ದೋಣಿಯಗೆ ಅರಿಶಿನ ಎಲ್ಲಿತ್ತ್? ಮೊದಲ ದಿನ ಸಂಜೆಯೇ ಕಮಲಕ್ಕನ ಹತ್ರ ಒಂದ್ ಕೊಂಬು ಇಸ್ಕಂಡ್ ಹೋಯ್ದೆ ನೀನ್, ಧನ್ಯಶ್ರೀ. ಅದನ್ನ ಮುಚ್ಚುಕೆ ಶಾಲು. ಅಂದ್ರೆ ದೋಣಿ ಹತ್ತುವಾಗ್ಲೇ ಕರಿಮಣಿ ಇರ್ಲಿಲ್ಲೆ. ಇಲ್ಲದ್ದನ್ನ ದೋಣಿಯಗೆ ಬಿಚ್ಚುದ್ ಹ್ಯಾಂಗೆ?"

ಧನ್ಯಶ್ರೀ ಅತ್ತುಬಿಟ್ಟಳು. "ಮೊದಲ ದಿನ ದಡದಲ್ಲಿ ಮುಳುಗುದ್ ಕಲೀತಾ ಇಪ್ಪತಿಗೆ ತೆರೆ ಹೊಡ್ದ್ ಕರಿಮಣಿ ಕಡ್ದ್ ನೀರಿಗ್ ಹೋಯ್ತ್. ನೀರಿಗ್ ಇಳುದ್ ಬೇಡ ಅಂತ ಅತ್ತೆ ಸಾರಿ ಸಾರಿ ಹೇಳಿದ್ರ್. ಕಳವಾಯ್ತ್ ಅಂದ್ರೆ ನನ್ನ ತಪ್ಪಲ್ಲ ಅಲ್ದಾ? ನಾ ಯಾರ ಹೆಸ್ರೂ ಹೇಳ್ಲಿಲ್ಲೆ ಟೀಚರೇ."

"ದೋಣಿಯಗೆ ಇದ್ದದ್ದೇ ಒಬ್ರ್. ಹೆಸ್ರ್ ಬೇರೆ ಹೇಳ್ಕಾ?"

ಯತೀಶ ತಲೆ ತಗ್ಗಿಸಿದ. ನನಗೆ ಆ ಹುಡುಗಿಯ ಮೇಲೆ ಸಿಟ್ಟೂ ಬಂತು, ಪಾಪ ಅಂತಲೂ ಅನ್ನಿಸಿತು. ಅನೂಪ ಎದ್ದು ಹೋಗಿ ಶೀನನ ಕೈ ಹಿಡಿದುಕೊಂಡ.

"ಶೀನಣ್ಣ, ತಪ್ಪಾಯ್ತ್. ನಾಳೆ ದೋಣಿಗ್ ಬನ್ನಿ."

"ಬತ್ತೆ. ಬರ್ದೆ ಎಂತ ಮಾಡುದ್?" ಎಂದ ಶೀನ. ಅವನ ಮುಖದಲ್ಲಿ ಸಂತೋಷದ ಸುಳಿವೇ ಇರಲಿಲ್ಲ. ಟೀಚರ ಕಡೆ ತಿರುಗಿ, "ನೀವ್ ಒಂದ್ ಉಪಕಾರ ಮಾಡ್ಕ್. ಇದನ್ನೇ ನಮ್ಮನಿಗ್ ಬಂದ್ ಒಂದ್ಸಲ ಹೇಳಿ," ಎಂದ.

"ಯಾರಿಗೆ?"

"ಹೆಂಡ್ತಿಗೆ. ನಿನ್ನೆ ಮಿಂದ್ಕಂಡ್ ಬಪ್ಪತಿಗೆ, ಅವ್ಳ್ ನನ್ನ ಅಂಗಿ ಕಿಸೆ ತಡಕ್ತಾ ಇದ್ದಳ್."