ತೊಳೆದ ಮೊಟ್ಟೆಗಳು

ಹನ್ನೆರಡು ಮೊಟ್ಟೆ ಒಯ್ದವನು ಇಪ್ಪತ್ತೈದನೆಯ ದಿನ ಹನ್ನೆರಡನ್ನೂ ವಾಪಸ್ ತಂದ. ಸ್ಟೀಲ್ ಟಿಫಿನ್ ಕ್ಯಾರಿಯರಿನಲ್ಲಿ, ಒಂದೊಂದನ್ನೂ ಹತ್ತಿಯಲ್ಲಿ ಸುತ್ತಿ.

“ಒಂದೂ ಮರಿಯಾಗಲಿಲ್ಲ ರೀ. ನೀವು ಕೊಟ್ಟ ಮೊಟ್ಟೆಯೇ ಸರಿ ಇರಲಿಲ್ಲ ಅಂತ ಕಾಣತ್ತೆ,” ಎಂದ.

ಚೆನ್ನೈನ ತಿರುವೊಟ್ಟಿಯೂರಿನ ನಮ್ಮ ಹಿತ್ತಲಲ್ಲಿ ನಿಂತು ಹಾಗೆ ಹೇಳುವ ಧೈರ್ಯ ಅದುವರೆಗೆ ಯಾರಿಗೂ ಬಂದಿರಲಿಲ್ಲ. ಅಪ್ಪ ರೈಲ್ವೆ ಫಿಟ್ಟರ್ ಆಗಿ ಕೋಲಾರದ ಕಡೆಯಿಂದ ಇಲ್ಲಿಗೆ ಬಂದ ವರ್ಷ ಸಾಕಿದ ಒಂದು ಕಂದು ಹೇಂಟೆಯಿಂದ ಇಳಿದು ಬಂದ ಸಾಲು ನಮ್ಮದು. ಇಲ್ಲಿಯವರು ಸಿರುವಿಡೈ ಅನ್ನುವ ಸಣ್ಣ ನಾಟಿ ತಳಿ. ಮೊಟ್ಟೆಗೂ ಸೈ, ಮಾಂಸಕ್ಕೂ ಸೈ, ಕಾವಿಗೆ ಕೂತರೆ ಸಿಡಿಲಿಗೂ ಏಳುವುದಿಲ್ಲ. ಮೂವತ್ತು ವರ್ಷದ ಆ ಸಾಲು ನಿಲ್ಲದಂತೆ ನೋಡಿಕೊಳ್ಳುವುದು ಈಗ ಮಗಳಾದ ನನ್ನ ಪಾಲಿನ ಕೆಲಸ. ಮೊಟ್ಟೆ ಸರಿ ಇಲ್ಲ ಅಂದರೆ ನನ್ನನ್ನೇ ಅಂದ ಹಾಗೆ.

ಒಂದು ಮೊಟ್ಟೆ ಎತ್ತಿಕೊಂಡೆ. ಪಾತ್ರೆಯಂಗಡಿಯ ಗಾಜಿನ ಕಪಾಟಿನಲ್ಲಿಟ್ಟದ್ದರ ಹಾಗೆ ಲಕಲಕ ಹೊಳೆಯುತ್ತಿತ್ತು.

“ಇದನ್ನ ತೊಳೆದ್ರಾ?”

“ಮತ್ತೆ? ಹೊರಗಿನಿಂದ ಬಂದದ್ದು. ನಮ್ಮನೇಲಿ ಹಾಲಿನ ಪ್ಯಾಕೆಟ್ಟೂ ತೊಳೆದೇ ಒಳಗೆ ತರೋದು. ಅರಿಶಿನದ ನೀರಲ್ಲಿ ತೊಳೆದು, ಒರೆಸಿ, ಕಾವು ಕೊಡೋ ಮೆಷಿನ್ನಿನಲ್ಲಿಟ್ಟೆ.”

ಮೊಟ್ಟೆಯ ಮೇಲೆ ಕಣ್ಣಿಗೆ ಕಾಣದ ಒಂದು ಪೊರೆ ಇರುತ್ತದೆ. ಕೊಳೆ ಒಳಗಿಳಿಯದಂತೆ ಕಾಯುವುದು ಅದೇ. ಈ ಮಹಾನುಭಾವ ಅದನ್ನು ಉಜ್ಜಿ ತೆಗೆದಿದ್ದ.

“ಸಾರ್,” ಎಂದೆ, “ಹನ್ನೆರಡು ಮರಿಗಳನ್ನ ಹುಟ್ಟೋಕೆ ಮೊದಲೇ ಸ್ನಾನ ಮಾಡಿಸಿ ಕೊಂದಿದ್ದೀರ. ಮಂತ್ರಾನೂ ಹೇಳಿದ್ರಾ?”

ಅವನ ಕಿವಿ ಕೆಂಪಾದವು. ಅಗಲವಾದ, ಬುದ್ಧಿವಂತನಂತೆ ಕಾಣದ ಕಿವಿಗಳು. ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಅಪ್ಪ ನಗು ತಡೆಯಲಾರದೆ ಕೆಮ್ಮಿದರು.

ಹೆಸರು ಸುಜಯೀಂದ್ರ. ಇನ್ಶೂರೆನ್ಸ್ ಆಫೀಸಿನ ಕೆಲಸ. ಅಂಬತ್ತೂರಿನಲ್ಲಿ ತಾತ ಕಟ್ಟಿಸಿದ ಮನೆ, ಅದರ ಹಿಂದೆ ಖಾಲಿ ಬಿದ್ದ ಹಿತ್ತಲು. ಇಂಥವರನ್ನು ನಾನು ಬೇಕಾದಷ್ಟು ಕಂಡಿದ್ದೆ. ಎರಡು ವಿಡಿಯೋ ನೋಡಿ ಕೋಳಿ ಸಾಕಲು ಹೊರಡುತ್ತಾರೆ, ಮೂರನೆಯ ತಿಂಗಳು ಗೂಡಿನಲ್ಲಿ ಸೈಕಲ್ ನಿಲ್ಲಿಸುತ್ತಾರೆ.

“ಈ ತಳಿಯೇ ಯಾಕೆ ಬೇಕು ನಿಮಗೆ?”

“ಮೊಟ್ಟೆ, ಮಾಂಸ ಎರಡಕ್ಕೂ ಆಗೋ ಹಳೇ ತಳಿ ಅಂತ ಓದಿದೆ.”

“ಮಾಂಸ ಏನು ಮಾಡ್ತೀರ ನೀವು? ಅದಕ್ಕೂ ಪಾಲಿಸಿ ಮಾಡಿಸ್ತೀರಾ?”

“ಅದು... ನಾವು ತಿನ್ನಲ್ಲ. ಮೊಟ್ಟೆ ನಾನೊಬ್ಬ ತಿಂತೀನಿ. ಅಮ್ಮನಿಗೆ ಗೊತ್ತಿಲ್ಲ. ಹಿತ್ತಲಲ್ಲಿ ಜರಿಹುಳ ಜಾಸ್ತಿ, ಅದನ್ನ ಹಿಡಿಯೋಕೆ ಕೋಳಿ ಅಂತ ಹೇಳಿದೀನಿ.”

ಗೇಟು ತೋರಿಸಬೇಕೆಂದಿದ್ದೆ. ಆಗ ಕೈಯಲ್ಲಿದ್ದ ಮೊಟ್ಟೆ ತಿರುಗಿತು. ಒಂದು ಪಕ್ಕದಲ್ಲಿ ಪೆನ್ಸಿಲಿನ ಸಣ್ಣ ಗೀಟುಗಳು, ಇರುವೆ ಸಾಲಿನ ಹಾಗೆ. ಕಾವು ಕೊಡುವಾಗ ಮೊಟ್ಟೆಯನ್ನು ದಿನಕ್ಕೆ ಮೂರು ಸಲ ಹೊರಳಿಸಬೇಕು. ಹೊರಳಿಸಿದ ದಿನಕ್ಕೊಂದು ಗೀಟು. ಎಣಿಸಿದೆ. ಒಂದು ದಿನವೂ ತಪ್ಪಿರಲಿಲ್ಲ. ಉಳಿದ ಹನ್ನೊಂದರ ಮೇಲೂ ಹಾಗೆಯೇ.

ಸತ್ತ ಮೊಟ್ಟೆಯನ್ನು ಇಷ್ಟು ಶ್ರದ್ಧೆಯಿಂದ ಹೊರಳಿಸಿದ ಮೂರ್ಖನನ್ನು ನಾನು ನೋಡಿರಲಿಲ್ಲ.

“ಮರಿ ಕೊಡ್ತೀನಿ. ಒಂದು ತಿಂಗಳದು, ಎಂಟು,” ಎಂದೆ. “ಪ್ರತಿ ಭಾನುವಾರ ಬಂದು ಹೇಗಿದಾವೆ ಅಂತ ಹೇಳ್ಬೇಕು. ಒಂದು ಸತ್ರೂ ಉಳಿದದ್ದನ್ನ ವಾಪಸ್ ತಗೊಂಡ್ಬರ್ತೀನಿ.”

ಅವನು ಬಂದ. ಪ್ರತಿ ಭಾನುವಾರ ಬಂದ. ತೊಳೆದ ಅಂಗಿ, ಒದ್ದೆ ತಲೆ, ಫೋನಿನ ತುಂಬ ಮರಿಗಳ ಫೋಟೋ. ಎಂಟೂ ಬದುಕಿದ್ದವು. ಅದನ್ನು ಅವನು ಪರೀಕ್ಷೆ ಪಾಸಾದ ಹುಡುಗನ ಮುಖ ಮಾಡಿಕೊಂಡು ಹೇಳುತ್ತಿದ್ದ. “ಹೊಟ್ಟೆ ತುಂಬಿಸಿದ್ರೆ ಯಾವ ಕೋಳಿಯಾದ್ರೂ ಬದುಕುತ್ತೆ,” ಎಂದು ನಾನು ಬಾಗಿಲು ತೆಗೆಯುತ್ತಿದ್ದೆ. ಶನಿವಾರ ಸಂಜೆಯೇ ನಾನು ಅಂಗಳ ಗುಡಿಸಿಡುತ್ತಿದ್ದುದನ್ನು ಅಪ್ಪ ಮಾತ್ರ ಗಮನಿಸಿದ್ದರು.

ನವೆಂಬರಿನಲ್ಲಿ ನಾಲ್ಕು ಹುಂಜಗಳನ್ನು ಬುಟ್ಟಿಯಲ್ಲಿ ಹೊತ್ತು ತಂದ. ಸಾಲು ಮುಂದುವರಿಸಲು ಒಂದನ್ನು ಆರಿಸಬೇಕಿತ್ತು.

“ಯಾವುದು ಹೇಳಿ ನೋಡೋಣ.”

“ಇದು. ಬಣ್ಣ ಚೆನ್ನಾಗಿದೆ ಅಲ್ವಾ?”

“ಸೀರೆ ಆರಿಸ್ತಿದ್ದೀರಾ?” ಎಂದು ಅವನ ಕೈ ಹಿಡಿದು ಹುಂಜದ ಎದೆಯ ಕೆಳಗೆ ಇಟ್ಟೆ. “ಎಲುಬು ಮುಟ್ಟಿ. ನೆಟ್ಟಗಿದೆಯಾ? ಎರಡೂ ಕಡೆ ಮಾಂಸ ಇದೆಯಾ? ಕಾಲು ಅಗಲವಾಗಿ ನಿಲ್ಲತ್ತಾ?”

ಅವನ ಬೆರಳು ಎಲುಬಿನ ಮೇಲೆ ಸರಿಯಿತು, ನನ್ನ ಬೆರಳು ಅವನ ಬೆರಳಿನ ಮೇಲೆ. ಹುಂಜದ ಎದೆ ಡಬಡಬ ಹೊಡೆದುಕೊಳ್ಳುತ್ತಿತ್ತು. ಅವನು ಹುಂಜವನ್ನು ನೋಡಬೇಕಾದವನು ನನ್ನನ್ನು ನೋಡಿದ.

“ಇಷ್ಟು ಜೋರಾಗಿ ಹೊಡ್ಕೊಳ್ಳತ್ತಾ ಯಾವಾಗಲೂ?” ಎಂದ.

“ಹೆದರಿದ ಹುಂಜದ್ದು ಹೊಡ್ಕೊಳ್ಳತ್ತೆ,” ಎಂದು ಕೈ ಎಳೆದುಕೊಂಡೆ.

ಕಂದು ರೆಕ್ಕೆಯ ಒಂದನ್ನು ಆರಿಸಿದೆವು. ಉಳಿದ ಮೂರನ್ನು ಇಲ್ಲೇ ಬಿಟ್ಟು ಹೋಗಲು ಹೇಳಿದೆ. ಅವುಗಳ ಗತಿ ಏನೆಂದು ಅವನು ಕೇಳಲಿಲ್ಲ. ಕಣ್ಣು ಒದ್ದೆಯಾಗಿತ್ತು, ಆದರೆ ಮುಖ ತಿರುಗಿಸಲಿಲ್ಲ. ಒಂದೊಂದರ ಬೆನ್ನನ್ನೂ ಸವರಿ ಎದ್ದ. ಅಷ್ಟಕ್ಕೆ ಆ ದಿನ ಕಾಫಿ ಕೊಟ್ಟೆ.

ಕಾಫಿ ಕುಡಿಯುತ್ತ ಅಪ್ಪನ ಹತ್ತಿರ ಹೇಳುತ್ತಿದ್ದ. “ಇಲ್ಲಿಂದ ಹೋದ ತಕ್ಷಣ ತಲೆಗೆ ಸ್ನಾನ ಮಾಡ್ತೀನಿ ಸಾರ್. ಚಪ್ಪಲಿ ಗೇಟಿನ ಹತ್ತಿರ ತೊಳೆದು, ಬಟ್ಟೆ ನೆನೆಹಾಕಿ, ಆಮೇಲೇ ಗೂಡಿನ ಹತ್ತಿರ ಹೋಗೋದು.”

ನನ್ನ ಕೈಯಲ್ಲಿದ್ದ ಕಾಫಿಯ ಡವರಾ ಅಲ್ಲೇ ನಿಂತಿತು.

“ಯಾಕೆ?” ಎಂದೆ. “ನಮ್ಮನೆ ಮೈಲಿಗೇನಾ?”

“ಅಯ್ಯೋ, ಅಲ್ಲ ಮಾಧವಿ, ಅದು ಕೋಳಿಗೆ...”

“ನಮ್ಮನೆ ಕಾಫಿ ಕುಡಿದ ಬಾಯಿನೂ ತೊಳ್ಕೊಳ್ಳಿ. ಭಾನುವಾರ ಬರೋದು ಬೇಡ.”

“ಅವನ ಮಾತು ಮುಗಿಯೋಕಾದ್ರೂ ಬಿಡಮ್ಮ,” ಎಂದರು ಅಪ್ಪ. ನಾನು ಬಿಡಲಿಲ್ಲ. ಅವನು ಎರಡು ಭಾನುವಾರ ಗೇಟಿನವರೆಗೆ ಬಂದು ಹೋದ. ನಾನು ಒಳಗೆ ಅಕ್ಕಿ ಆರಿಸುತ್ತ ಕೂತಿದ್ದೆ. ಕಲ್ಲೇ ಇಲ್ಲದ ಅಕ್ಕಿ.

ಡಿಸೆಂಬರಿನ ಮಳೆಗೆ ವೇಲಚೇರಿಯಲ್ಲಿ ನೀರು ನಿಂತಾಗ ನಿಶಾಂತ್ ಎಂಬ ಐಟಿ ಹುಡುಗ ತನ್ನ ಕಡಕ್‌ನಾಥ್ ಹುಂಜವನ್ನು ಟರ್ಕಿ ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದ. ಎರಡು ದಿನ ಇಟ್ಟುಕೊಳ್ಳಿ ಅಕ್ಕಾ ಎಂದ. ಇನ್ಸ್ಟಾಗ್ರಾಮಿಗಾಗಿ ಸಾಕಿದ ಕಪ್ಪು ಹುಂಜ, ಅದಕ್ಕೆ ‘ಬಾಸ್’ ಎಂಬ ಹೆಸರು ಬೇರೆ. ಹೊಸ ಕೋಳಿಯನ್ನು ಮೂರು ವಾರ ದೂರ ಇಡಬೇಕು ಎಂದು ಊರಿಗೆಲ್ಲ ಪಾಠ ಹೇಳುವವಳು ನಾನು. ಹಿಂದಿನ ಶೆಡ್ಡಿನಲ್ಲಿ ನೀರಿತ್ತು, ಲಸಿಕೆಯ ಸರದಿ ಎರಡು ವಾರ ತಡವಾಗಿತ್ತು. ಆದರೂ ಅಂಥ ಶೋಕಿ ಹುಂಜದಿಂದ ನನ್ನ ಗಟ್ಟಿ ಕೋಳಿಗಳಿಗೆ ಏನಾದೀತು ಎಂದು ಅವುಗಳ ಜೊತೆಗೇ ಬಿಟ್ಟೆ.

ಬಾಸ್ ಜೊತೆ ಬಂದ ಕೊಕ್ಕರೆ ರೋಗಕ್ಕೆ ಹತ್ತು ದಿನವೂ ಬೇಕಾಗಲಿಲ್ಲ. ಹಸಿರು ಹಿಕ್ಕೆ, ಸೊಟ್ಟ ಕತ್ತು. ಒಂದೊಂದನ್ನೂ ಮಡಿಲಲ್ಲಿಟ್ಟುಕೊಂಡು ನೀರು ಕುಡಿಸಿದೆ. ಒಂದೂ ಉಳಿಯಲಿಲ್ಲ. ಅಪ್ಪ ಗುಂಡಿ ತೋಡಿ ಸುಣ್ಣ ಹಾಕಿದರು. “ನನ್ನ ಕೋಳಿಗಳೂ ರಿಟೈರ್ ಆದವು ಬಿಡಮ್ಮ,” ಎಂದು ನಗಲು ನೋಡಿದರು. ಆಗಲಿಲ್ಲ.

ಆ ದಿನ ನನಗೆ ನನ್ನಷ್ಟು ಅಸಹ್ಯವಾಗಿ ಇನ್ಯಾರೂ ಕಾಣಲಿಲ್ಲ. ಚಪ್ಪಲಿ ತೊಳೆಯುವುದನ್ನು ಜಾತಿಗೆ ಹಚ್ಚಿದವಳು, ಅಷ್ಟೂ ಎಚ್ಚರವಿಲ್ಲದೆ ಎಲ್ಲವನ್ನೂ ಕೊಂದಿದ್ದೆ. ಅವನು ಹೇಳಹೊರಟ ಅರ್ಧ ಮಾತು, ಕೋಳಿಗೆ ರೋಗ ಹತ್ತಬಾರದು ಎಂಬುದು, ಖಾಲಿ ಗೂಡಿನ ಮುಂದೆ ಪೂರ್ತಿಯಾಯಿತು.

ಅಂಬತ್ತೂರಿನಲ್ಲಿ ಐದು ಕೋಳಿ ಇದ್ದವು. ಫೋನ್ ಮಾಡಲು ಮುಖವಿರಲಿಲ್ಲ. ‘ರೋಗ ಬಂದಿದೆ, ಈ ಕಡೆ ಬರಬೇಡಿ’ ಎಂದಷ್ಟು ಮೆಸೇಜ್ ಕಳಿಸಿದೆ. ‘ಸರಿ’ ಎಂದು ಬಂತು. ಎರಡಕ್ಷರ. ಎರಡು ತಿಂಗಳು ಅದನ್ನೇ ತೆಗೆದು ತೆಗೆದು ನೋಡಿದೆ.

ಅಂಗಳಕ್ಕೆ ಮೂರು ಸಲ ಸುಣ್ಣ ಹೊಡೆದು, ಮಣ್ಣು ಕೆದಕಿ ಬಿಸಿಲಿಗೆ ಬಿಟ್ಟ ಮೇಲೆ, ಫೆಬ್ರವರಿ ಕೊನೆಯ ಭಾನುವಾರ ಗೇಟು ಸದ್ದಾಯಿತು.

ಒಂದು ಕೈಯಲ್ಲಿ ಬುಟ್ಟಿ, ಅದರೊಳಗೆ ಕಾವಿಗೆ ಬಂದು ಉಬ್ಬಿಕೊಂಡ ಕಂದು ಹೇಂಟೆ. ಇನ್ನೊಂದರಲ್ಲಿ ಅದೇ ಟಿಫಿನ್ ಕ್ಯಾರಿಯರ್. ಅಂಗಿಯ ತೋಳಿಗೆ ಹಿಕ್ಕೆ ಅಂಟಿತ್ತು.

“ಐದೂ ಚೆನ್ನಾಗಿದಾವೆ,” ಎಂದ.

ನಾನು ಕ್ಯಾರಿಯರ್ ತೆರೆದೆ. ಮಣ್ಣು, ಹುಲ್ಲು, ಒಂದರ ಮೇಲೆ ಪುಟ್ಟ ಪುಕ್ಕ. ಹನ್ನೆರಡು ಮೊಟ್ಟೆ.

“ತೊಳೆದಿಲ್ಲ,” ಎಂದ. “ಒಂದೂ ತೊಳೆದಿಲ್ಲ.”

ಕ್ಷಮೆ ಕೇಳಲು ನನಗೆ ಅಭ್ಯಾಸವಿರಲಿಲ್ಲ. “ನೀವು ಸ್ನಾನ ಮಾಡ್ತಿದ್ದುದಕ್ಕೇ ಇವು ಬದುಕಿದ್ದು,” ಎಂದೆ. “ನಾನು ಅವತ್ತು ಅಂದದ್ದು... ಪೂರ್ತಿ ತಪ್ಪು.”

“ಇಲ್ಲಿಗೆ ಬರೋ ಮೊದಲೂ ಸ್ನಾನ ಮಾಡ್ತಿದ್ದೆ. ಅದು ಯಾಕೆ ಅಂತ ನೀವು ಕೇಳಲೇ ಇಲ್ಲ.”

“ಯಾಕೆ?”

“ಅದು ಕೋಳಿಗೋಸ್ಕರ ಅಲ್ಲ.”

ಕಿವಿ ಕೆಂಪಾದವು. ಈ ಸಲ ನನ್ನವು.

“ಅಮ್ಮನಿಗೆ ಗೊತ್ತಾಯ್ತು,” ಎಂದ ಮೆಲ್ಲಗೆ.

“ಮೊಟ್ಟೆ ತಿನ್ನೋದಾ?”

“ಅದೂ.”

ಜಗಲಿಯಿಂದ ಅಪ್ಪನ ಕೆಮ್ಮು ಕೇಳಿಸಿತು. ನಾವು ಹುಲ್ಲು ಹಾಸಿದ ಬುಟ್ಟಿಯಲ್ಲಿ ಮೊಟ್ಟೆಗಳನ್ನು ಒಂದೊಂದಾಗಿ ಜೋಡಿಸಿದೆವು. ಹೇಂಟೆ ಅನುಮಾನದಿಂದ ಎರಡು ಸುತ್ತು ಬಂದು, ಕೊಕ್ಕಿನಿಂದ ಒಂದನ್ನು ಒಳಗೆಳೆದು, ರೆಕ್ಕೆ ಹರಡಿ ಕೂತಿತು. ಮೂವತ್ತು ವರ್ಷದ ಸಾಲು ಮತ್ತೆ ಕೂತಿತು.

ಸುಜಯೀಂದ್ರ ಮಣ್ಣು ಮೆತ್ತಿದ ಕೈ ನೋಡಿಕೊಂಡು ಅಭ್ಯಾಸಬಲದಿಂದ ನಲ್ಲಿಯ ಕಡೆ ಹೊರಟ. ನಾನು ಆ ಕೈ ಹಿಡಿದೆ.

“ಮೂರ್ಖ,” ಎಂದೆ. “ಸ್ವಲ್ಪ ಹೊತ್ತು ತೊಳೀಬೇಡ.”