ಗುಡ್ಡದ ಹಿಂದಿನ ಕುದುರೆಪಡೆ

"ಯಾವ ಸೈನ್ಯ ಬೇಕು ನಿಮಗೆ? ಕೆಂಪೋ, ನೀಲಿಯೋ?"

"ಯಾವುದಾದ್ರೂ ಸರಿ. ಸೋಲೋದು ನೀವೇ ತಾನೇ!"

ಸರ್ವೇಯರ್ ತಲೆಯೆತ್ತಿ ನೋಡಿದ. ಎದುರಿಗೆ ಕೂತವಳ ಕಣ್ಣಲ್ಲಿ ತಮಾಷೆಯ ಸುಳಿವೇ ಇರಲಿಲ್ಲ!

ಸೈಕಲ್ ಅಂಗಡಿಯ ಮಹಡಿಯ ಮೇಲಿದ್ದ ಆ ಕ್ಲಬ್ಬಿಗೆ ಅವಳು ಬಂದದ್ದು ಅದೇ ಮೊದಲು. ಇಬ್ಬರು ಕೂತು ಆಡುವ ಯುದ್ಧದ ಆಟ. ಮೇಜಿನ ತುಂಬ ನಕ್ಷೆ, ಅದರ ಮೇಲೆ ರಟ್ಟಿನ ಬಿಲ್ಲೆಗಳು. ಒಂದೊಂದು ಬಿಲ್ಲೆಯೂ ಒಂದೊಂದು ದಳ. ಹದಿನೆಂಟನೇ ಶತಮಾನದ ಸಿಪಾಯಿಗಳಂತೆ ಸಾಲುಗಟ್ಟಿ ನಿಂತರೆ ಮಾತ್ರ ಬಂದೂಕಿಗೆ ಬಲ. ಸಾಲು ಬಿಚ್ಚಿ ನಡೆಯುವಾಗ ಪಕ್ಕದಿಂದ ಪೆಟ್ಟು ಬಿತ್ತೋ, ಕಥೆ ಮುಗಿಯಿತು!

ನಿಯಮಗಳೇ ಅರವತ್ತು ಪುಟ. ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ರಕ್ತಕಣ ಎಣಿಸುವವಳಿಗೆ ಅದ್ಯಾವ ಲೆಕ್ಕ? ಅಕ್ಕನನ್ನು ಎದುರು ಕೂರಿಸಿಕೊಂಡು ಎರಡು ತಿಂಗಳಲ್ಲಿ ಅರೆದು ಕುಡಿದಿದ್ದಳು.

ಐದು ಗಂಟೆ ಆಡಿದರು. ಕೊನೆಗೆ ಅವನ ಕೆಂಪು ಸಾಲು ನಟ್ಟನಡುವೆ ಮುರಿಯಿತು. ಅವಳು ಗೆದ್ದಳು!

ಕ್ಲಬ್ಬಿನ ಸೆಕ್ರೆಟರಿ ಗಹಗಹಿಸಿ ನಕ್ಕ.

"ಬಲಗಡೆ ಐದು ದಳ ಸುಮ್ನೆ ನಿಲ್ಲಿಸ್ಕೊಂಡು ಕೂತಿದ್ರಲ್ಲ ಸರ್ವೇಯರ್ರೇ! ಹೆಣ್ಣುಮಗಳು ಅಂತ ಬಿಟ್ಟುಕೊಟ್ರಾ?"

ಸುತ್ತ ನಿಂತವರೆಲ್ಲ ನಕ್ಕರು.

ಹೌದಲ್ವಾ, ಅನ್ನಿಸಿತು ಅವಳಿಗೆ... ಆ ಐದು ದಳ ಒಂದು ಹೆಜ್ಜೆಯೂ ಇಡಲಿಲ್ಲ. ಬೇಕಂತಲೇನಾ...?

"ನಾನು ಬಿಟ್ಟುಕೊಟ್ಟಿಲ್ಲ, ಸ್ವಲ್ಪ ಕೇಳಿ..." ಅವನು ಎದ್ದು ನಿಂತ.

"ನಿಮ್ಮ ಕರುಣೆ ನೀವೇ ಇಟ್ಕೊಳ್ಳಿ! ಈ ಗೆಲುವು ನಂಗೆ ಬೇಡ!"

ಧಡಧಡನೆ ಮೆಟ್ಟಿಲಿಳಿದು ಹೊರಟೇಬಿಟ್ಟಳು.

ವಾರವಿಡೀ ಅದೇ ಸಂಕಟ. ಅವಳ ಒಂದೊಂದು ನಡೆಗೂ ಅವನು ಗಲ್ಲಕ್ಕೆ ಕೈಯಿಟ್ಟು ಯೋಚಿಸಿದ್ದು, ಒಮ್ಮೆ ತನಗೇ ಗೊತ್ತಿಲ್ಲದೆ "ಅಬ್ಬಾ!" ಎಂದದ್ದು... ಎಲ್ಲ ನಾಟಕವಾ? ಸೆಕ್ರೆಟರಿಯ ನಗುವಿಗಿಂತ ಅದೇ ಹೆಚ್ಚು ಚುಚ್ಚುತ್ತಿತ್ತು.

"ಇನ್ನು ಆ ಕಡೆ ತಲೆ ಹಾಕ್ಬೇಡ ಬಿಡೇ," ಎಂದಳು ಅಕ್ಕ.

"ಹಾಕ್ತೀನಿ! ತಲೆ ಎತ್ಕೊಂಡೇ ಹಾಕ್ತೀನಿ!"

ಭಾನುವಾರ ಎಲ್ಲರಿಗಿಂತ ಮೊದಲೇ ಹೋಗಿ ಕೂತಳು.

"ಇವತ್ತು ಕೆಂಪು ನಂದು. ಅದೇ ಆಟ, ಅದೇ ಜಾಗ. ಆ ಐದು ದಳ ನಡೆಸ್ತೀನಿ. ನೀವು ಬಿಟ್ಟುಕೊಟ್ಟಿದ್ದು ಎಲ್ಲರಿಗೂ ಗೊತ್ತಾಗ್ಲಿ!"

"ಸರಿ. ಹೋದ ವಾರ ನೀವು ಆಡಿದ್ದನ್ನೇ ಇವತ್ತು ನಾನು ಆಡ್ತೀನಿ," ಎಂದ ಅವನು ಮೆಲ್ಲಗೆ.

ನೀಲಿ ಬಿಲ್ಲೆಗಳನ್ನೆಲ್ಲ ಅವಳಿಟ್ಟಿದ್ದ ಹಾಗೆಯೇ ಇಟ್ಟ. ಒಂದೂ ತಪ್ಪಲಿಲ್ಲ! ಅಷ್ಟೊಂದು ನೆನಪಿದೆಯಾ ಇವನಿಗೆ?

ಅವಳು ಐದು ದಳಗಳನ್ನು ಸಾಲು ಬಿಚ್ಚಿ ನಡೆಸಿದಳು. ಅಷ್ಟೇ! ಗುಡ್ಡದ ಹಿಂದಿದ್ದ ನೀಲಿ ಕುದುರೆಪಡೆ ಪಕ್ಕದಿಂದ ನುಗ್ಗಿತು. ಒಂದು, ಎರಡು, ಮೂರು... ಐದೂ ಕೆಂಪು ಬಿಲ್ಲೆಗಳು ನಕ್ಷೆಯಿಂದಾಚೆ ಬಂದವು.

ಅಷ್ಟರಲ್ಲಿ ಬಂದು ಸುತ್ತ ನೆರೆದಿದ್ದವರೆಲ್ಲ ನಕ್ಷೆಯ ಮೇಲೆ ಬಗ್ಗಿದರು.

"ಅದಕ್ಕೇ ನಾನು ಅವತ್ತು ಅಲುಗಾಡ್ಲಿಲ್ಲ. ಕುದುರೆಪಡೇನ ಅಲ್ಲಿ ಯೋಚನೆ ಮಾಡೇ ಇಟ್ಟಿದ್ರಿ ಅಲ್ವಾ?"

"ಹ್ಞೂಂ... ಆದ್ರೆ ಅದೊಂದೇ ಐದನ್ನೂ ಹೊಡೆಯುತ್ತೆ ಅಂತ ಗೊತ್ತಿರ್ಲಿಲ್ಲ. ನೀವದನ್ನ ನೋಡೇ ಇಲ್ಲ ಅಂದ್ಕೊಂಡೆ."

"ಐದು ಗಂಟೆ ನೋಡಿದ್ದು ಅದನ್ನೇ! ಇವರ ನಗು ನಂಬಿದ್ರಿ. ನಿಮ್ಮ ಆಟ ನಂಬಲಿಲ್ವಲ್ಲ..."

ಅವಳ ಕಣ್ಣು ತುಂಬಿತು. ಸೋತು ಇಷ್ಟು ಖುಷಿಪಡಬಹುದೆಂದು ಅವಳಿಗೆ ಗೊತ್ತೇ ಇರಲಿಲ್ಲ!

ಕಣ್ಣೊರೆಸಿಕೊಂಡು ಸೆಕ್ರೆಟರಿಯತ್ತ ತಿರುಗಿದಳು.

"ಹೋದ ವಾರದ ಗೆಲುವು ನನ್ನ ಹೆಸರಲ್ಲಿ ಬರೀರಿ. ಇವತ್ತಿನ ಸೋಲೂ ಬರೀರಿ. ಎರಡೂ ನಂದೇ! ನೀವು ಬರೆಯೋವರೆಗೂ ನಾನಿಲ್ಲೇ ನಿಂತಿರ್ತೀನಿ."

ಸೆಕ್ರೆಟರಿ ತೆಪ್ಪಗೆ ಪೆನ್ನು ಹುಡುಕಿದ.

ಕೆಳಗೆ ಬೀದಿಗಿಳಿದ ಮೇಲೆ ಅವಳೇ ಮೊದಲು ಮಾತಾಡಿದಳು.

"ಕ್ಷಮಿಸಿ... ನಿಮ್ಮ ಮಾತು ಕೇಳದೆ ಹೋಗ್ಬಿಟ್ಟೆ."

"ಇವತ್ತೂ ಬರದೆ ಇದ್ದಿದ್ರೆ, ನಾಳೆ ನೀವು ಹೇಳಿದ್ದ ಆ ಲ್ಯಾಬಿಗೇ ಬರ್ತಿದ್ದೆ. ರಕ್ತ ಪರೀಕ್ಷೆ ನೆಪ ಮಾಡ್ಕೊಂಡು."

"ಇಷ್ಟ ಅಂತ ಹೇಳೋಕೆ ಇಷ್ಟೊಂದು ಸುತ್ತಾ?"

ಅವನು ಕಿವಿಯವರೆಗೂ ಕೆಂಪಾದ. "ಇಷ್ಟ... ತುಂಬಾ ಇಷ್ಟ."

"ನಂಗೂ," ಎಂದು ಅವಳೇ ಅವನ ಕೈ ಹಿಡಿದಳು.

"ಅಯ್ಯೋ, ಮೇಲೆ ಕಿಟಕಿಯಿಂದ ಎಲ್ಲರೂ ನೋಡ್ತಿದ್ದಾರೆ..."

"ನೋಡ್ಲಿ ಬಿಡು!"

"ಬಿಡು...? ‘ಬಿಡಿ’ ಹೋಗಿ ‘ಬಿಡು’ ಆಯ್ತಾ?"

"ಆಯ್ತು. ನೀನೂ ಹಾಗೇ ಅನ್ನು."

"ಸರಿ..." ಎಂದವನು ಹಿಡಿದ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. "ಸರಿ ಕಣೇ."